ಮೈಸೂರಿನ ಫಿಲೋಮಿನಾ ಚರ್ಚ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಮನೆ ಇದ್ದರೆ ನೆಂಟರು ತಪ್ಪುವುದಿಲ್ಲ. ಮೊದಲ ದಿನ ಅರಮನೆ, ಎರಡನೇ ದಿನ ಬೆಟ್ಟ ಮತ್ತು ಝೂ. ಮೂರನೇ ದಿನ ಯಾರಾದರೂ ಕೇಳಿಯೇ ಕೇಳುತ್ತಾರೆ: "ಆ ಎರಡು ಗೋಪುರದ ಚರ್ಚ್ ಎಲ್ಲಿದೆ?" ಹಾಗೆ ಕರೆದುಕೊಂಡು ಹೋಗಿ ಹೋಗಿ, ಅಲ್ಲಿ ನಿಂತು ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠ ಆಗಿಬಿಟ್ಟಿವೆ. ಕೆಲವಕ್ಕೆ ಒಂದೇ ಸಾಲಿನ ಉತ್ತರ ಸಾಕು. ಕೆಲವಕ್ಕೆ ನೆರಳಿರುವ ಕಡೆ ಕೂತು ಮಾತಾಡಬೇಕು. ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದರ ಸರಿಯಾದ ಹೆಸರೇನು?

ಊರಿನವರ ಬಾಯಲ್ಲಿ ಫಿಲೋಮಿನಾ ಚರ್ಚ್. ಆಟೋದವರಿಗೂ ಅಷ್ಟು ಹೇಳಿದರೆ ಸಾಕು. ಕಾಗದದ ಮೇಲೆ ಮಾತ್ರ ಇದು ಸಂತ ಜೋಸೆಫರ ಮತ್ತು ಸಂತ ಫಿಲೋಮಿನಾ ಅವರ ಪ್ರಧಾನಾಲಯ, ಅಂದರೆ ಕಥೋಲಿಕ ಬಿಷಪರ ಚರ್ಚ್. ಜೋಸೆಫರ ಹೆಸರು ಮೊದಲು ಬರುತ್ತದೆ. ಆದರೆ ಜನರ ನಾಲಿಗೆಯಲ್ಲಿ ಉಳಿದದ್ದು ಹುಡುಗಿಯ ಹೆಸರು. ಪಾಪ, ಯೇಸುವಿನ ಸಾಕುತಂದೆ ಜೋಸೆಫರು ಬೈಬಲ್ಲಿನಲ್ಲೂ ಹೆಚ್ಚು ಮಾತಾಡಿದವರಲ್ಲ. ಬೇಜಾರು ಮಾಡಿಕೊಂಡಿರಲಿಕ್ಕಿಲ್ಲ.

ಎಲ್ಲಿದೆ?

ಲಷ್ಕರ್ ಮೊಹಲ್ಲಾದಲ್ಲಿ, ಅಶೋಕ ರಸ್ತೆಯಲ್ಲಿ. ಅರಮನೆ ಕಡೆಯಿಂದ ಅಶೋಕ ರಸ್ತೆ ಹಿಡಿದು ಉತ್ತರಕ್ಕೆ ಬಂದರೆ ಸಿಗುತ್ತದೆ. ಸುಮಾರು ಎರಡು ಕಿಲೋಮೀಟರ್. ಲಷ್ಕರ್ ಅಂದರೆ ಸೈನ್ಯ, ದಂಡು. ಮೊಹಲ್ಲಾದ ಹೆಸರಲ್ಲೇ ಹಳೆಯ ಮೈಸೂರು ಇದೆ.

ಎಷ್ಟು ವರ್ಷ ಹಳೆಯದು? ಒಂದೊಂದು ಕಡೆ ಒಂದೊಂದು ಇಸವಿ ಬರೆದಿದ್ದಾರಲ್ಲ?

ನಾಲ್ಕು ಇಸವಿ ಓಡಾಡುತ್ತವೆ: 1843, 1933, 1936, 1941. ಯಾವುದೂ ಸುಮ್ನೆ ಹುಟ್ಟಿದ್ದಲ್ಲ.

1843ರಲ್ಲಿ ಇದೇ ಜಾಗದಲ್ಲಿ ಒಂದು ಚಿಕ್ಕ ಚರ್ಚ್ ಎದ್ದಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ, ಅವರದೇ ಆಸರೆ. 90 ವರ್ಷ ಅದೇ ನಡೆಯಿತು. ಆಮೇಲೆ ಜನ ಹೆಚ್ಚಾದರು, ಜಾಗ ಸಾಲದಾಯಿತು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಈಗಿನ ಕಟ್ಟಡಕ್ಕೆ ಅಡಿಗಲ್ಲು ಹಾಕಿದರು. ಪ್ರವಾಸಿ ಪುಸ್ತಕಗಳಲ್ಲಿ ಜಾಸ್ತಿ ಕಾಣುವುದು 1936. ಬಿಷಪ್ ರೆನೆ ಫ್ಯೂಗಾ ಅವರ ಮೇಲ್ವಿಚಾರಣೆಯಲ್ಲಿ ಕೆಲಸ ಪೂರ್ತಿ ಮುಗಿದದ್ದು 1941ರಲ್ಲಿ. ಮನೆ ಕಟ್ಟಿದವರಿಗೆ ಇದು ಗೊತ್ತಿರುತ್ತದೆ, ಗೃಹಪ್ರವೇಶವೇ ಬೇರೆ, ಕೆಲಸ ಮುಗಿಯುವುದೇ ಬೇರೆ.

ನೆಂಟರಿಗೆ ನಾನು ಹೇಳುವುದು ಇಷ್ಟು: ಜಾಗಕ್ಕೆ 1843, ಗೋಪುರಕ್ಕೆ 1930ರ ದಶಕ.

1843ರಲ್ಲಿ ಹಿಂದೂ ರಾಜರು ಚರ್ಚ್ ಕಟ್ಟಲು ಯಾಕೆ ಕೈ ಹಾಕಿದರು?

ಈ ಪ್ರಶ್ನೆಯಲ್ಲಿ ಸ್ವಲ್ಪ ಇವತ್ತಿನ ವಾಸನೆ ಇದೆ. ಆಗಿನ ಅರಮನೆಗೆ ಇದು ಅಷ್ಟು ವಿಚಿತ್ರ ಅನಿಸಿರಲಿಲ್ಲ. ಊರಲ್ಲಿ ಒಂದು ಕುಲದವರು ಇದ್ದಾರೆ, ಅವರಿಗೆ ದೇವರ ಮನೆ ಬೇಕು, ರಾಜ ಕೊಡಬೇಕು.

ಇನ್ನೂ ಒಂದು ವಿಷಯ ನೆನಪಿಡಬೇಕು. 1831ರಲ್ಲೇ ಬ್ರಿಟಿಷರು ಮುಮ್ಮಡಿಯವರಿಂದ ಆಡಳಿತ ಕಿತ್ತುಕೊಂಡಿದ್ದರು. ರಾಜ್ಯ ನಡೆಸುತ್ತಿದ್ದವರು ಕಮಿಷನರ್‌ಗಳು. ರಾಜರ ಕೈಯಲ್ಲಿ ಅಧಿಕಾರ ಇರಲಿಲ್ಲ, ರಾಜತನ ಇತ್ತು. ಕೊಡುವುದು ಆ ರಾಜತನದ ಒಂದು ಭಾಗ. ಸಾಹಿತ್ಯ, ಸಂಗೀತ, ಚದುರಂಗ, ದೇವಸ್ಥಾನ ಎಲ್ಲಕ್ಕೂ ಅವರ ಕೈ ಬಿಚ್ಚಿತ್ತು. ಈ ಚಿಕ್ಕ ಚರ್ಚ್ ಕೂಡ ಆ ಸಾಲಿನಲ್ಲೇ ಬರುತ್ತದೆ.

ಹಳೆಯ ಚರ್ಚಿನ ಶಾಸನವೊಂದು 1933ರಲ್ಲಿ ಅಡಿಗಲ್ಲು ಹಾಕುವ ಹೊತ್ತಿಗೆ ಇನ್ನೂ ಇತ್ತು. ಅದರ ಮಾತಿನ ರೀತಿ ನನಗೆ ತುಂಬಾ ಇಷ್ಟ. ಜಗತ್ತನ್ನೆಲ್ಲ ಹುಟ್ಟಿಸಿ, ಕಾಪಾಡಿ, ಆಳುವ ಒಬ್ಬನೇ ದೇವರ ಹೆಸರಿನಲ್ಲಿ ಅದು ಶುರುವಾಗುತ್ತದೆ. ಲೋಕಕ್ಕೆ ಬೆಳಕಾದ ಯೇಸು ಮನುಷ್ಯನಾಗಿ ಅವತರಿಸಿ 1843 ವರ್ಷ ಆದಮೇಲೆ ಈ ಚರ್ಚ್ ಕಟ್ಟಿದ್ದು ಅಂತ ಹೇಳುತ್ತದೆ. ನಮ್ಮ ಕಡೆಯ ದೇವಸ್ಥಾನದ ಶಾಸನ ಓದಿದವರಿಗೆ ಆ ಧಾಟಿ ಗುರುತು ಸಿಗುತ್ತದೆ. ಕ್ರಿಸ್ತಶಕವನ್ನೂ ಅದೇ ಧಾಟಿಗೆ ಒಗ್ಗಿಸಿಬಿಟ್ಟಿದ್ದಾರೆ!

ಕಥೋಲಿಕರು ಮೈಸೂರಿಗೆ ಬಂದದ್ದು ಬ್ರಿಟಿಷರ ಜೊತೆ ತಾನೇ?

ಅಲ್ಲ. ನೂರಕ್ಕೆ ತೊಂಬತ್ತು ಜನ ಹೀಗೇ ಅಂದುಕೊಂಡಿರುತ್ತಾರೆ. ಬ್ರಿಟಿಷರ ಜೊತೆ ಬಂದದ್ದು ಮುಖ್ಯವಾಗಿ ಪ್ರಾಟೆಸ್ಟೆಂಟ್ ಪಂಗಡಗಳು. ಕಥೋಲಿಕ ಕಥೆ ಅದಕ್ಕಿಂತ ಬಹಳ ಹಿಂದಿನದು, ಅದು ಶುರುವಾಗುವುದು ಶ್ರೀರಂಗಪಟ್ಟಣದಲ್ಲಿ.

17ನೇ ಶತಮಾನದ ಮಧ್ಯಭಾಗ. ಕಂಠೀರವ ನರಸರಾಜ ಒಡೆಯರ ಆಳ್ವಿಕೆ. ಗೋವಾದಿಂದ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಪಾದ್ರಿ ಬಂದರು, ಜೆಸ್ವಿಟ್ ಎಂಬ ಕಥೋಲಿಕ ಪಾದ್ರಿಗಳ ಸಂಘದವರು. ಜೆಸ್ವಿಟರ ಮೈಸೂರು ಮಿಷನ್‌ಗೆ ಅವರೇ ಮೊದಲಿಗರು. ಅವರ ಬೆನ್ನಿಗೆ ಇನ್ನಷ್ಟು ಜನ ಬಂದು, ಕನ್ನಡ ಕಲಿತು, ಹಳ್ಳಿ ಹಳ್ಳಿ ಸುತ್ತಿದರು. 1773ರಲ್ಲಿ ಪೋಪರು ಜೆಸ್ವಿಟ್ ಸಂಘವನ್ನೇ ಮುಚ್ಚಿಸಿದಾಗ ಕುರಿ ಇದ್ದವು, ಕುರುಬರಿರಲಿಲ್ಲ. ಆಮೇಲೆ ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಫ್ರೆಂಚ್ ಪಾದ್ರಿಗಳು ವಹಿಸಿಕೊಂಡರು. ಫ್ರೆಂಚರು ಅನ್ನುವುದನ್ನು ಮನಸ್ಸಲ್ಲಿಡಿ, ಮುಂದೆ ಬೇಕಾಗುತ್ತದೆ.

ಮಧ್ಯದಲ್ಲಿ ಕಷ್ಟದ ದಿನಗಳೂ ಬಂದವು. 1784ರಲ್ಲಿ ಟಿಪ್ಪು ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತಂದ. ಬದುಕಿ ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ, ಅವನು ಸತ್ತಮೇಲೆ. ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಆಗ ಬಂದವರು ಅಬ್ಬೆ ದ್ಯುಬುವಾ, ಇಲ್ಲಿನವರಿಗೆ "ದೊಡ್ಡ ಸ್ವಾಮಿಯವರು". ನಮ್ಮವರ ಹಾಗೆ ಬಟ್ಟೆ ತೊಟ್ಟು, ನಮ್ಮವರ ಹಾಗೆ ಊಟ ಮಾಡಿಕೊಂಡು ಇದ್ದ ಫ್ರೆಂಚ್ ಮನುಷ್ಯ. ಸಿಡುಬಿಗೆ ಹೊಸದಾಗಿ ಲಸಿಕೆ ಬಂದಿದ್ದ ಕಾಲದಲ್ಲಿ ಮೈಸೂರು ಸೀಮೆಯ ಸಾವಿರಾರು ಜನಕ್ಕೆ ಅದನ್ನು ಹಾಕಿಸಿದರು. 1823ರಲ್ಲಿ ವಾಪಸ್ ಹೋದರು. ಶ್ರೀರಂಗಪಟ್ಟಣದ ಗಂಜಾಂನಲ್ಲಿರುವ ಚರ್ಚಿಗೆ ಇವತ್ತಿಗೂ ಅವರ ಹೆಸರು ಅಂಟಿಕೊಂಡಿದೆ. ಫಿಲೋಮಿನಾ ನೋಡಲು ಬಂದವರು ಅರ್ಧ ದಿನ ಬಿಡುವು ಮಾಡಿಕೊಂಡು ಗಂಜಾಂಗೆ ಹೋಗಿ ಬನ್ನಿ. ಅಲ್ಲಿ ನೂಕುನುಗ್ಗಲು ಇರುವುದಿಲ್ಲ.

1799ರ ನಂತರ ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬಂತು. ಅದರ ಹಿಂದೆಯೇ ಅಂಗಡಿ, ಕಚೇರಿ, ದಂಡು, ಜನ, ದೇವರು ಎಲ್ಲ ಬಂದರು.

ಫಿಲೋಮಿನಾ ಯಾರು?

ಗಟ್ಟಿಯಾಗಿ ಹೇಳಬಹುದಾದದ್ದು ಮೂರು ಹೆಂಚು ಮತ್ತು ಒಂದಿಷ್ಟು ಮೂಳೆ. ತಮಾಷೆ ಮಾಡುತ್ತಿಲ್ಲ.

1802ರ ಮೇ ತಿಂಗಳು. ರೋಮ್ ನಗರದ ಪ್ರಿಸಿಲ್ಲಾ ಎಂಬ ನೆಲಸಮಾಧಿ. ಹಳೆಯ ಕಾಲದ ಕ್ರೈಸ್ತರು ಸತ್ತವರನ್ನು ಇಡುತ್ತಿದ್ದ ಸುರಂಗದ ಸಾಲು ಅದು. ಅಲ್ಲಿ ಒಂದು ಗೂಡನ್ನು ಮೂರು ಸುಟ್ಟ ಮಣ್ಣಿನ ಹೆಂಚುಗಳಿಂದ ಮುಚ್ಚಿತ್ತು. ಅವುಗಳ ಮೇಲೆ ಬಣ್ಣದಲ್ಲಿ ಅಕ್ಷರ. ಎಡದಿಂದ ಓದಿದರೆ "ಲುಮೆನಾ – ಪಾಕ್ಸ್ ತೆ – ಕುಂ ಫಿ". ಅರ್ಥವೇ ಇಲ್ಲ. ಮೊದಲನೇ ಹೆಂಚನ್ನು ಎತ್ತಿ ಕೊನೆಗೆ ಇಟ್ಟು ನೋಡಿದರೆ: "ಪಾಕ್ಸ್ ತೇಕುಂ ಫಿಲುಮೆನಾ". ಅಂದರೆ, ನಿನಗೆ ಶಾಂತಿ ಇರಲಿ, ಫಿಲುಮೆನಾ. ಅಕ್ಷರಗಳ ಜೊತೆ ಲಂಗರು, ಬಾಣ, ತಾಳೆಗರಿಯ ಚಿತ್ರ. ಒಳಗೆ ಹದಿಮೂರು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಮೂಳೆಗಳು. ಹತ್ತಿರದಲ್ಲೇ ಒಂದು ಚಿಕ್ಕ ಗಾಜಿನ ಕುಡಿಕೆ. ಆಗಿನವರು ಅದನ್ನು ರಕ್ತದ ಕುಡಿಕೆ ಅಂದುಕೊಂಡರು. ಹಾಗಾದರೆ ನಂಬಿಕೆಗಾಗಿ ಪ್ರಾಣ ಕೊಟ್ಟವಳೇ ಇರಬೇಕು ಅಂತ ತೀರ್ಮಾನಿಸಿದರು.

1805ರಲ್ಲಿ ಆ ಮೂಳೆಗಳನ್ನು ನೇಪಲ್ಸ್ ಹತ್ತಿರದ ಮುಞಾನೊ ಎಂಬ ಸಣ್ಣ ಊರಿಗೆ ಕೊಂಡೊಯ್ದರು. ಅಲ್ಲಿಂದ ಪವಾಡಗಳ ಸುದ್ದಿ ಹಬ್ಬತೊಡಗಿತು.

ಅವಳು ರಾಜಕುಮಾರಿ, ಚಕ್ರವರ್ತಿ ಕೊಲ್ಲಿಸಿದ ಅಂತ ಗೈಡ್ ಹೇಳಿದರಲ್ಲ?

ಆ ಕಥೆ ಹುಟ್ಟಿದ್ದು ಸಮಾಧಿ ಸಿಕ್ಕ ಮೂವತ್ತು ವರ್ಷದ ನಂತರ. ನೇಪಲ್ಸ್‌ನ ಒಬ್ಬ ಸಿಸ್ಟರ್‌ಗೆ, ಮರಿಯಾ ಲುಯಿಸಾ ಅವರ ಹೆಸರು, ಪ್ರಾರ್ಥನೆ ಹೊತ್ತಿನಲ್ಲಿ ಫಿಲೋಮಿನಾ ತಾನೇ ಬಂದು ತನ್ನ ಕಥೆ ಹೇಳಿದಳಂತೆ. ಗ್ರೀಸ್‌ನ ಒಬ್ಬ ಸಣ್ಣ ರಾಜನ ಮಗಳು. ದೇವರಿಗೇ ಮುಡಿಪು ಅಂತ ಹರಕೆ ಹೊತ್ತವಳು. ರೋಮ್ ಚಕ್ರವರ್ತಿ ಡಯೊಕ್ಲೀಶಿಯನ್ ಮದುವೆಯಾಗು ಅಂದಾಗ ಒಪ್ಪಲಿಲ್ಲ. ಲಂಗರು ಕಟ್ಟಿ ನದಿಗೆ ಎಸೆದರು, ದೇವದೂತರು ಎತ್ತಿದರು. ಬಾಣ ಬಿಟ್ಟರು, ಬಾಣ ತಿರುಗಿ ಬಿಟ್ಟವರಿಗೇ ಹೊಡೆಯಿತು. ಕೊನೆಗೆ ತಲೆ ಕಡಿದರು.

ಗಮನಿಸಿದಿರಾ? ಹೆಂಚಿನ ಮೇಲಿದ್ದ ಲಂಗರು, ಬಾಣ ಎರಡೂ ಕಥೆಯೊಳಗೆ ಬಂದುಬಿಟ್ಟವು. ಹಳೆಯ ಕ್ರೈಸ್ತರ ಸಮಾಧಿಗಳಲ್ಲಿ ಲಂಗರು ಅಂದರೆ ಭರವಸೆಯ ಗುರುತು, ಅಷ್ಟೇ. ಹೀಗೆ ಹೇಳಿದರೆ ಗೈಡ್ ಮುಖ ಸಪ್ಪಗಾಗುತ್ತದೆ. ನನಗೇನೋ ಕಥೆಗಿಂತ ಆ ಹೆಂಚುಗಳೇ ಹೆಚ್ಚು ಮನಸ್ಸಿಗೆ ತಟ್ಟುತ್ತವೆ. ಹರೆಯ ತುಂಬದ ಮಗಳನ್ನು ಮಣ್ಣು ಮಾಡಿ, ಹೆಸರು ಹಿಡಿದು ಕರೆದು ಶಾಂತಿ ಅಂತ ಬರೆದವರು ಯಾರೋ ಇದ್ದರು, ಅಲ್ವಾ?

ಅವಳು ಸಂತಳೇ ಅಲ್ಲ ಅಂತ ಪೋಪ್ ಹೇಳಿದ್ದಾರಂತೆ. ನಿಜವಾ?

ಅರ್ಧ ನಿಜ. 19ನೇ ಶತಮಾನದ ಕೊನೆಯ ಹೊತ್ತಿಗೆ ಪುರಾತತ್ವದವರು ಪ್ರಶ್ನೆ ಎತ್ತಿದರು. ಹೆಂಚುಗಳು ಅದಲುಬದಲಾಗಿ ಇದ್ದದ್ದು ಯಾಕೆ? ಒರಾಜಿಯೊ ಮಾರುಕ್ಕಿ ಎಂಬ ಪಂಡಿತರ ವಾದ ಹೀಗೆ: ಆ ಹೆಂಚುಗಳು ಇನ್ನೂ ಹಳೆಯ ಬೇರೊಂದು ಸಮಾಧಿಯವು. ಅವನ್ನೇ ತಂದು ಮತ್ತೊಬ್ಬಳ ಗೂಡಿಗೆ ಮುಚ್ಚಿದ್ದಾರೆ. ಇವು ಬಳಸಿದ ಹೆಂಚು ಅಂತ ತಿಳಿಯಲೆಂದೇ ಸಾಲು ತಪ್ಪಿಸಿದ್ದಾರೆ. ಹಾಗಾದರೆ ಒಳಗಿದ್ದವಳ ಹೆಸರೂ ಫಿಲೋಮಿನಾ ಆಗಿರಬೇಕಿಲ್ಲ.

1961ರ ಫೆಬ್ರವರಿಯಲ್ಲಿ ರೋಮ್ ಆಕೆಯ ಹಬ್ಬವನ್ನು ಪೂಜಾ ಪಂಚಾಂಗಗಳಿಂದ ತೆಗೆಯಲು ಹೇಳಿತು. ಆದೇಶ ಅಷ್ಟೇ. ಪ್ರಾರ್ಥನೆ ಮಾಡಬೇಡಿ, ಚರ್ಚಿನ ಹೆಸರು ಬದಲಿಸಿ ಅಂತ ಅದು ಹೇಳಲಿಲ್ಲ. ಮುಞಾನೊದಲ್ಲಿ ಆಕೆಯ ಪುಣ್ಯಕ್ಷೇತ್ರ ಈಗಲೂ ನಡೆಯುತ್ತಿದೆ. ಮೈಸೂರಿನಲ್ಲೂ ಯಾರೂ ಬೋರ್ಡ್ ಇಳಿಸಲಿಲ್ಲ. ನಮ್ಮ ಕಡೆ ಮನೆಮನೆಯಲ್ಲಿ ಒಬ್ಬಳು ಫಿಲೋಮಿನಾ ಇದ್ದ ಕಾಲ ಅದು. ಪಂಚಾಂಗ ಬದಲಾಯಿತು ಅಂತ ಅಜ್ಜಿಯರ ಹೆಸರು ಬದಲಾಗುತ್ತದೆಯೇ?

ರೋಮ್‌ನ ಹುಡುಗಿ ಮೈಸೂರಿಗೆ ಬಂದದ್ದು ಹೇಗೆ?

ಫ್ರಾನ್ಸ್ ಮೂಲಕ. ಮನಸ್ಸಲ್ಲಿಡಿ ಅಂದಿದ್ದೆನಲ್ಲ.

ಲಿಯೋನ್ ಪಟ್ಟಣದಲ್ಲಿ ಪೋಲಿನ್ ಜರಿಕೊ ಎಂಬ ಹೆಣ್ಣುಮಗಳು ಇದ್ದಳು. ಬಡವರಿಂದ ವಾರಕ್ಕೆ ಒಂದೊಂದು ಕಾಸು ಕೂಡಿಸಿ ದೂರದೇಶದ ಮಿಷನ್‌ಗಳಿಗೆ ಕಳಿಸುವ ಸಂಘ 1822ರಲ್ಲಿ ಹುಟ್ಟಿದ್ದು ಅವಳ ಓಡಾಟದಿಂದ. 1835ರಲ್ಲಿ, ಇನ್ನೇನು ಬದುಕುವುದಿಲ್ಲ ಅನ್ನುವ ಸ್ಥಿತಿಯಲ್ಲಿ ಆಕೆ ಮುಞಾನೊಗೆ ಹೋದಳು. ಅಲ್ಲಿ ಎದ್ದು ನಿಂತಳು. ಸುದ್ದಿ ಪೋಪ್ 16ನೇ ಗ್ರೆಗರಿಯವರೆಗೂ ಹೋಯಿತು. 1837ರಲ್ಲಿ ಅವರು ಫಿಲೋಮಿನಾ ಹಬ್ಬಕ್ಕೆ ಒಪ್ಪಿಗೆ ಕೊಟ್ಟರು. ಲಿಯೋನ್ ಹತ್ತಿರದ ಆರ್ಸ್ ಹಳ್ಳಿಯಲ್ಲಿ ಜಾನ್ ವಿಯಾನಿ ಎಂಬ ಸಾಮಾನ್ಯ ಪಾದ್ರಿ ಇದ್ದರು. ಮುಂದೆ ಅವರೇ ಎಲ್ಲ ಧರ್ಮಕೇಂದ್ರದ ಗುರುಗಳಿಗೂ ಪಾಲಕ ಸಂತರಾದರು. ಜನ ಅವರಿಗೆ ಪವಾಡದ ಹೆಸರು ಕೊಡಲು ಬಂದಾಗಲೆಲ್ಲ ಅವರು, ನಾನಲ್ಲ, ಫಿಲೋಮಿನಾ ಮಾಡಿದ್ದು ಅನ್ನುತ್ತಿದ್ದರು. ಫ್ರಾನ್ಸ್ ತುಂಬ ಆಕೆಯ ಹೆಸರು.

ಮೈಸೂರು ಸೀಮೆಯ ಪಾದ್ರಿಗಳು ಅದೇ ಫ್ರಾನ್ಸಿನ ಹಳ್ಳಿ ಮನೆಗಳಿಂದ ಬಂದವರು. ಅವರ ಪೆಟ್ಟಿಗೆಯಲ್ಲಿ ಜಪಸರದ ಜೊತೆ ಈ ಭಕ್ತಿಯೂ ಬಂದದ್ದರಲ್ಲಿ ಆಶ್ಚರ್ಯ ಇಲ್ಲ.

ಕೊನೆಯ ಗಂಟು ಹಾಕಿದವರು ಮಾತ್ರ ನಮ್ಮವರೇ. ತಂಬುಚೆಟ್ಟಿಯವರು ಮಹಾರಾಜರ ಹುಜೂರ್ ಸೆಕ್ರೆಟರಿ, ಕಥೋಲಿಕ ಮನೆತನದವರು. ಪೋಪರ ಪ್ರತಿನಿಧಿಯಾಗಿದ್ದ ಪೀಟರ್ ಪಿಸಾನಿ ಅವರಿಂದ ಸಂತ ಫಿಲೋಮಿನಾಳ ಪವಿತ್ರ ಅವಶೇಷವೊಂದು 1926ರಲ್ಲಿ ಅವರ ಕೈಗೆ ಬಂತು. ಅದನ್ನು ಅವರು ಫಾದರ್ ಕೊಶೆ ಅವರಿಗೆ ಒಪ್ಪಿಸಿದರು. ಫಾದರ್ ಕೊಶೆ ಸುಮ್ಮನೆ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಲಿಲ್ಲ, ಮಹಾರಾಜರ ಬಳಿ ಹೋದರು. ಈಕೆಯ ಹೆಸರಲ್ಲಿ ಒಂದು ಚರ್ಚ್ ಕಟ್ಟಬೇಕು, ನೆರವು ಬೇಕು ಅಂದರು.

ಹಾಗಾದರೆ ಇದನ್ನು ಮಹಾರಾಜರೇ ಕಟ್ಟಿಸಿದ್ದಾ?

ಅವರೊಬ್ಬರೇ ಕಟ್ಟಿಸಿದ್ದು ಅಂದರೆ ತಪ್ಪಾಗುತ್ತದೆ. ಅವರ ನೆರವಿಲ್ಲದೆ ಆಯಿತು ಅಂದರೂ ತಪ್ಪಾಗುತ್ತದೆ. ದಾನಿಗಳ ಹೆಸರು ಕೆತ್ತಿದ ಅಮೃತಶಿಲೆಯ ಫಲಕಗಳು ನೆಲಮಾಳಿಗೆಯ ಗೋಡೆಗಳಲ್ಲಿವೆ. ಕೆಳಗೆ ಇಳಿದಾಗ ಫಿಲೋಮಿನಾ ಪ್ರತಿಮೆಯನ್ನಷ್ಟೇ ನೋಡಿ ಓಡಬೇಡಿ. ಆ ಹೆಸರುಗಳನ್ನೂ ನಿಧಾನಕ್ಕೆ ಓದಿ.

1933ರ ಮೈಸೂರನ್ನು ಒಂದು ಸಲ ಕಣ್ಣಿಗೆ ತಂದುಕೊಳ್ಳಿ. ಕನ್ನಂಬಾಡಿ ಕಟ್ಟೆ ಆಗಷ್ಟೇ ಮುಗಿದಿತ್ತು. ಗದ್ದುಗೆ ಮೇಲೆ ಹಿಂದೂ ರಾಜರು. ದಿವಾನರು ಮಿರ್ಜಾ ಇಸ್ಮಾಯಿಲ್, ಮುಸ್ಲಿಮರು. ಮಹಾರಾಜರ ಸೆಕ್ರೆಟರಿ ಕಥೋಲಿಕರು. ಅಡಿಗಲ್ಲು ಹಾಕಿದ ದಿನ ಮಹಾರಾಜರು ಆಡಿದ ಮಾತಿನ ತಿರುಳು ಹೀಗೆ: ಈ ಚರ್ಚಿಗೆ ಎರಡು ಬುನಾದಿ, ಒಂದು ದೇವರ ಕರುಣೆ, ಇನ್ನೊಂದು ಮನುಷ್ಯರ ಕೃತಜ್ಞತೆ. ಭಾಷಣ ಬರೆದುಕೊಟ್ಟವರು ಯಾರೇ ಇರಲಿ, ಮಾತು ಚೆನ್ನಾಗಿದೆ.

ಧರ್ಮಕೇಂದ್ರ, ಪ್ರಧಾನಾಲಯ ಅಂತೀರಿ. ಏನು ವ್ಯತ್ಯಾಸ?

ಒಂದು ಊರಿನ ಅಥವಾ ಬಡಾವಣೆಯ ಕಥೋಲಿಕರು, ಅವರ ಗುರುಗಳು, ಅವರ ಚರ್ಚ್ ಎಲ್ಲ ಸೇರಿ ಒಂದು ಧರ್ಮಕೇಂದ್ರ. ಇಂಥ ಹತ್ತಾರು ಧರ್ಮಕೇಂದ್ರಗಳು ಸೇರಿ ಧರ್ಮಪ್ರಾಂತ್ಯ, ಅದಕ್ಕೆ ಬಿಷಪ್. ಬಿಷಪರ ಪೀಠ ಇರುವ ಚರ್ಚ್ ಪ್ರಧಾನಾಲಯ.

ಇಲ್ಲೊಂದು ಸೋಜಿಗ ಇದೆ. ಅಡಿಗಲ್ಲು ಹಾಕಿದಾಗ ಇದು ಪ್ರಧಾನಾಲಯ ಆಗಿರಲೇ ಇಲ್ಲ, ಒಂದು ಧರ್ಮಕೇಂದ್ರದ ಚರ್ಚ್ ಅಷ್ಟೇ. ಮೈಸೂರು ಮಿಷನ್ 1850ರಲ್ಲಿ ಸ್ವತಂತ್ರ ವಿಕಾರಿಯೇಟ್ ಆಯಿತು, ಅಂದರೆ ಧರ್ಮಪ್ರಾಂತ್ಯಕ್ಕೆ ಮುಂಚಿನ ಹಂತ. 1886ರಲ್ಲಿ ಧರ್ಮಪ್ರಾಂತ್ಯ. ಹೆಸರು ಮೈಸೂರಿನದು, ಬಿಷಪರು ಕೂರುತ್ತಿದ್ದದ್ದು ಬೆಂಗಳೂರಿನಲ್ಲಿ! ಮೈಸೂರಿನವರಿಗೆ ಇದು ಹೊಸ ಅನುಭವ ಅಲ್ಲ ಬಿಡಿ. 1940ರ ಫೆಬ್ರವರಿಯಲ್ಲಿ ಬೆಂಗಳೂರು ಬೇರೆ, ಮೈಸೂರು ಬೇರೆ ಆದವು. 1941ರಲ್ಲಿ ರೆನೆ ಫ್ಯೂಗಾ ಮೈಸೂರಿನ ಬಿಷಪ್ ಆದರು. ಅವರ ಪೀಠಕ್ಕೆ ತಕ್ಕ ದೊಡ್ಡ ಚರ್ಚ್ ಅದಾಗಲೇ ಎದ್ದು ನಿಂತಿತ್ತು. ಬನ್ನಿಮಂಟಪದ ಕಡೆಯ ಫಿಲೋಮಿನಾ ಕಾಲೇಜು 1946ರಲ್ಲಿ ಶುರುವಾದದ್ದೂ ಅವರ ಕಾಲದಲ್ಲೇ. 1963ರಲ್ಲಿ ಚಿಕ್ಕಮಗಳೂರು ಬೇರೆ ಧರ್ಮಪ್ರಾಂತ್ಯವಾಯಿತು.

ಪ್ರಧಾನಾಲಯ ಆದರೂ ಧರ್ಮಕೇಂದ್ರದ ಕೆಲಸ ನಿಂತಿಲ್ಲ. ಜ್ಞಾನಸ್ನಾನ (ಕ್ರೈಸ್ತರಾಗುವ ದೀಕ್ಷೆ), ಮದುವೆ, ಸಾವಿನ ಪೂಜೆ ಎಲ್ಲ ನಡೆಯುತ್ತದೆ. ಪ್ರವಾಸಿಗರಿಗೆ ಇದು ತಾಣ. ಸುತ್ತಲಿನ ಮನೆಗಳವರಿಗೆ ಇದು ನಮ್ಮ ಚರ್ಚ್.

ಜರ್ಮನಿಯ ಚರ್ಚೊಂದರ ಕಾಪಿ ಅಂತಾರಲ್ಲ?

ಕಾಪಿ ಅಲ್ಲ, ಮಾದರಿ. ನಕ್ಷೆ ಬರೆದವರು ಡಾಲಿ ಎಂಬ ಫ್ರೆಂಚ್ ಇಂಜಿನಿಯರ್. ಮನಸ್ಸಿನಲ್ಲಿದ್ದದ್ದು ಜರ್ಮನಿಯ ಕಲೋನ್ ಪ್ರಧಾನಾಲಯ. ಶೈಲಿ ನವ ಗಾಥಿಕ್: ಚೂಪು ಕಮಾನು, ಎತ್ತರದ ಛಾವಣಿ, ಬಣ್ಣದ ಗಾಜು, ಆಕಾಶಕ್ಕೆ ಚುಚ್ಚುವ ಹಾಗೆ ಜೋಡಿ ಗೋಪುರ.

ಕಲೋನ್ ಚರ್ಚಿಗೆ 1248ರಲ್ಲಿ ಕಲ್ಲಿಟ್ಟು, ಮಧ್ಯದಲ್ಲಿ ಮುನ್ನೂರು ವರ್ಷ ಕೆಲಸ ನಿಂತು, 1880ರಲ್ಲಿ ಮುಗಿಸಿದರು. ಅದರ ಗೋಪುರ 157 ಮೀಟರ್. ನಮ್ಮದು 175 ಅಡಿ, ಅಂದರೆ ಸುಮಾರು 53 ಮೀಟರ್. ಹತ್ತಿರ ಹತ್ತಿರ ಮೂರನೇ ಒಂದು ಪಾಲು. ಆದರೆ ನಮ್ಮವರು ಎಂಟು ವರ್ಷದಲ್ಲಿ ಮುಗಿಸಿದರು ಅನ್ನುವುದನ್ನೂ ಹೇಳಬೇಕಲ್ಲ. ನ್ಯೂಯಾರ್ಕ್‌ನ ಸೇಂಟ್ ಪ್ಯಾಟ್ರಿಕ್ ಚರ್ಚಿನ ಗೋಪುರಗಳಿಗೂ ಇವನ್ನು ಹೋಲಿಸುವವರಿದ್ದಾರೆ.

ಮೇಲಿನಿಂದ ನೋಡಿದರೆ ಕಟ್ಟಡ ಶಿಲುಬೆಯ ಆಕಾರ. ಉದ್ದದ ಭಾಗದಲ್ಲಿ ಜನ ಕೂರುತ್ತಾರೆ, ಸುಮಾರು 800 ಜನಕ್ಕೆ ಜಾಗ ಇದೆ. ಎರಡು ತೋಳು ಎಡಬಲಕ್ಕೆ. ಮುಂದೆ ಬಲಿಪೀಠ.

ಏಷ್ಯಾದಲ್ಲೇ ಎರಡನೇ ದೊಡ್ಡ ಚರ್ಚ್ ಅಂತೆ?

ಆ ಮಾತನ್ನು ಬಿಟ್ಟುಬಿಡಿ. ಪ್ರತಿ ಊರಲ್ಲೂ ಏಷ್ಯಾದ ಎರಡನೇ ದೊಡ್ಡದು ಏನಾದರೂ ಒಂದು ಇದ್ದೇ ಇರುತ್ತದೆ. ಎತ್ತರ ಲೆಕ್ಕ ಹಾಕಿದರೆ ತ್ರಿಶೂರಿನ ವ್ಯಾಕುಲ ಮಾತೆಯ ಬೆಸಿಲಿಕಾದ ಗೋಪುರ 260 ಅಡಿ. ಉದ್ದ ಅಗಲ ಲೆಕ್ಕ ಹಾಕಿದರೆ ಗೋವಾದ ಸೆ ಕ್ಯಾಥೆಡ್ರಲ್ ಇದೆ. ಇವೆರಡೂ ನಮ್ಮ ದೇಶದಲ್ಲೇ ಇವೆ, ಏಷ್ಯಾ ಸುತ್ತಬೇಕಿಲ್ಲ. ಸಂಜೆ ಬಿಸಿಲಿನಲ್ಲಿ ಜೋಡಿ ಗೋಪುರ ನೋಡಿ ಸಂತೋಷಪಡಲು ನಂಬರ್ ಬೇಕಾ?

ನೆಲಮಾಳಿಗೆಯಲ್ಲಿ ಏನಿದೆ?

ಬಲಿಪೀಠದ ಕೆಳಗಡೆ ಇಳಿಯುವ ಮೆಟ್ಟಿಲುಗಳಿವೆ. ಕೆಳಗೆ ಫಿಲೋಮಿನಾ ಪ್ರತಿಮೆ, ಮಲಗಿರುವ ಹುಡುಗಿ. ದಾರಿ ಕಿರಿದು, ತಂಪು, ಮಂದ ಬೆಳಕು. ಇಷ್ಟು ಎತ್ತರದ ಕಟ್ಟಡ ಕಟ್ಟಿ ಆಕೆಯನ್ನು ಯಾಕೆ ನೆಲದ ಕೆಳಗೆ ಇಟ್ಟರು ಅಂತ ನಮ್ಮ ಅಕ್ಕನ ಮಗಳು ಕೇಳಿದ್ದಳು. ಆಕೆ ಸಿಕ್ಕಿದ್ದೇ ನೆಲದ ಕೆಳಗೆ, ರೋಮ್‌ನ ಸುರಂಗದಲ್ಲಿ. ಈ ಮಾಳಿಗೆ ಆ ಸುರಂಗದ ನೆನಪು. ಜನ ಜಾಸ್ತಿ ಇದ್ದ ದಿನ ಸಣ್ಣ ಮಕ್ಕಳನ್ನು ಕೈ ಹಿಡಿದೇ ಇಳಿಸಿ.

ಬಣ್ಣದ ಗಾಜಿನ ಚಿತ್ರಗಳು ಏನು ಹೇಳುತ್ತವೆ?

ಯೇಸುವಿನ ಜೀವನ: ಹುಟ್ಟು, ಕೊನೆಯ ಭೋಜನ, ಶಿಲುಬೆ, ಪುನರುತ್ಥಾನ, ಸ್ವರ್ಗಕ್ಕೆ ಏರಿದ್ದು. ಗಾಜು ಬಂದದ್ದು ಫ್ರಾನ್ಸಿನಿಂದ. ಓದು ಬಾರದವರೂ ನೋಡಿ ತಿಳಿಯಲಿ ಅಂತ ಯುರೋಪಿನಲ್ಲಿ ಹುಟ್ಟಿದ ಕಲೆ ಇದು. ನಮ್ಮ ದೇವಸ್ಥಾನದ ಗೋಡೆಯ ಮೇಲೆ ರಾಮಾಯಣ ಕೆತ್ತಿದ ಹಾಗೆ. ಬಿಸಿಲಿರುವಾಗ ಹೋಗಿ. ಮೋಡದ ದಿನ ಗಾಜು ಮಂಕು.

ಪೂಜೆ ಯಾವ ಭಾಷೆಯಲ್ಲಿ? ಮೈಸೂರು ಕ್ರೈಸ್ತರೆಲ್ಲ ಕೊಂಕಣಿ ಮಾತಾಡುವವರಾ?

ಕೊಂಕಣಿಯವರು ಮುಖ್ಯವಾಗಿ ಕರಾವಳಿಯವರು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ತಲೆತಲಾಂತರದಿಂದ ಕನ್ನಡವೇ ಮಾತಾಡುವ ಕಥೋಲಿಕರಿದ್ದಾರೆ. ಪಟ್ಟಣದಲ್ಲಿ ತಮಿಳರೂ ಬಹಳ. ಹಾಗಾಗಿ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಪೂಜೆ ಇರುತ್ತದೆ. ಹೊತ್ತು ಬದಲಾಗುತ್ತಿರುತ್ತದೆ, ಅಲ್ಲಿನ ಬೋರ್ಡ್ ನೋಡಿ ಹೋಗಿ.

ಈ ಚರ್ಚ್ ಕಟ್ಟಿದಾಗ ಪೂಜೆ ಇದ್ದದ್ದು ಲ್ಯಾಟಿನ್‌ನಲ್ಲಿ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಸಭೆಯ ನಂತರ ಆಯಾ ಊರಿನ ಭಾಷೆ ಬಂತು. ಆದರೆ ಈ ಮಿಷನ್‌ಗೂ ಕನ್ನಡಕ್ಕೂ ನಂಟು ಅದಕ್ಕಿಂತ ಹಳೆಯದು. 1855ರಲ್ಲೇ ಬೆಂಗಳೂರಿನಲ್ಲಿ ಇವರು ಕನ್ನಡ–ಲ್ಯಾಟಿನ್ ನಿಘಂಟು ಅಚ್ಚು ಹಾಕಿಸಿದ್ದರು. ಆಗ ವಿಕಾರಿಯೇಟ್ ನೋಡಿಕೊಳ್ಳುತ್ತಿದ್ದವರು ಬಿಷಪ್ ಶಾರ್ಬೊನೊ. ಕಿಟೆಲ್ ಹೆಸರು ನಮಗೆಲ್ಲ ಗೊತ್ತು. ಈ ಫ್ರೆಂಚರ ಹೆಸರು ಯಾರ ಬಾಯಲ್ಲೂ ಇಲ್ಲ. ಸ್ವಲ್ಪ ಅನ್ಯಾಯವೇ.

ಇಲ್ಲಿಯ ಮಾತಿಗೂ ಕಿವಿ ಕೊಡಿ. ಪೂಜೆ, ಪ್ರಸಾದ, ಹರಕೆ, ತೇರು, ಗುರುಗಳು, ಸ್ವಾಮಿಯವರು. ಹೊರಗಿನವರು ಇವನ್ನು ಕೇಳಿ, ಇದು ದೇವಸ್ಥಾನದ ಮಾತಲ್ವಾ ಅಂತಾರೆ. ಹೌದು, ಎರಡು ಕಡೆಗೂ ಒಂದೇ ಕನ್ನಡ.

ನಾವು ಕ್ರೈಸ್ತರಲ್ಲ. ಒಳಗೆ ಹೋಗಬಹುದಾ? ಮೇಣದ ಬತ್ತಿ ಹಚ್ಚಬಹುದಾ?

ಧಾರಾಳವಾಗಿ. ಒಳಗೆ ಕೂತಿರುವವರಲ್ಲಿ ಎಷ್ಟೋ ಜನ ನಿಮ್ಮಂಥವರೇ. ಪರೀಕ್ಷೆಗೆ, ಮದುವೆಗೆ, ಮಕ್ಕಳಾಗಲಿ ಅಂತ ಬತ್ತಿ ಹಚ್ಚಿ ಹೋಗುತ್ತಾರೆ. ಬತ್ತಿಗೆ ಹೊರಗಡೆ ಜಾಗ ಮಾಡಿದ್ದಾರೆ.

ಒಂದು ಮಾತು ಮಾತ್ರ. ಪೂಜೆ ನಡೆಯುವಾಗ ಸಾಲಾಗಿ ಹೋಗಿ ಪರಮಪ್ರಸಾದ ತೆಗೆದುಕೊಳ್ಳುತ್ತಾರಲ್ಲ, ಆ ಸಾಲಿಗೆ ಸೇರಬೇಡಿ. ಅದು ಲಡ್ಡು, ಸಕ್ಕರೆ ಪೊಂಗಲ್ ಹಾಗೆ ಎಲ್ಲರಿಗೂ ಹಂಚುವ ಪ್ರಸಾದ ಅಲ್ಲ. ಜ್ಞಾನಸ್ನಾನ ಪಡೆದು ತಯಾರಾದ ಕಥೋಲಿಕರಿಗೆ ಮಾತ್ರ. ಪ್ರಸಾದ ಅನ್ನುವ ಪದದಿಂದಲೇ ಈ ಗೊಂದಲ. ನಮ್ಮ ಮಾವ ಒಬ್ಬರು ಹೀಗೇ ಸಾಲಿನಲ್ಲಿ ನಿಂತು, ಗುರುಗಳು ಮೆಲ್ಲಗೆ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿ ಕಳಿಸಿದರು. ಮಾವನಿಗೆ ಅದೇ ದೊಡ್ಡ ಖುಷಿ, ಬೇರೆ ಯಾರಿಗೂ ಹಾಗೆ ಮಾಡಲಿಲ್ಲ ನೋಡು ಅಂತ ದಾರಿಯುದ್ದಕ್ಕೂ ಹೇಳಿಕೊಂಡರು.

ಮೈಸೂರಿನ ಮೊದಲ ಚರ್ಚ್ ಇದೇನಾ?

ಈಗಿರುವ ಕಟ್ಟಡಗಳಲ್ಲಿ ಅಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಸೇಂಟ್ ಬಾರ್ತಲೋಮಿಯೋ ಚರ್ಚ್ ಇದಕ್ಕಿಂತ ನೂರು ವರ್ಷದಷ್ಟು ಹಳೆಯದು. ಅದು ಕಥೋಲಿಕರದ್ದಲ್ಲ, ಆಂಗ್ಲಿಕನ್ ಪಂಗಡದವರು ಕಟ್ಟಿದ್ದು.

ಯಾವಾಗ ಬರುವುದು ಒಳ್ಳೆಯದು?

ಕ್ರಿಸ್‌ಮಸ್ ಅಂತ ಎಲ್ಲರೂ ಹೇಳುತ್ತಾರೆ. ದೀಪ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಗಳು), ನಕ್ಷತ್ರ ಎಲ್ಲ ಚೆಂದ. ಆದರೆ ಆವತ್ತು ಊರಿಗೆ ಊರೇ ಅಲ್ಲಿರುತ್ತದೆ. ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ಸಂಜೆ ಹೋಗುತ್ತದೆ. ಫಿಲೋಮಿನಾ ಹಬ್ಬ ಆಗಸ್ಟ್ 11ಕ್ಕೆ. ನನ್ನನ್ನು ಕೇಳಿದರೆ ಹಬ್ಬವೂ ಅಲ್ಲದ, ಭಾನುವಾರವೂ ಅಲ್ಲದ ಒಂದು ಮಧ್ಯಾಹ್ನ ಬನ್ನಿ.

ಫೋಟೋ ತೆಗೆಯಬಹುದಾ?

ಹೊರಗೆ ಎಷ್ಟು ಬೇಕಾದರೂ. ಒಳಗೆ ತೆಗೆಯುವಂತಿಲ್ಲ. ಎರಡೂ ಗೋಪುರ ಪೂರ್ತಿ ಒಂದೇ ಚಿತ್ರದಲ್ಲಿ ಬರಬೇಕಾದರೆ ಗೇಟಿನ ಕಡೆಗೆ ಹಿಂದೆ ಹಿಂದೆ ನಡೆಯಬೇಕು. ರಸ್ತೆಗೆ ಇಳಿಯುವ ಮೊದಲು ಒಮ್ಮೆ ತಿರುಗಿ ನೋಡಿ, ಅಶೋಕ ರಸ್ತೆಯ ಆಟೋಗಳು ಯಾರಿಗೂ ಕಾಯುವುದಿಲ್ಲ.